ಕೋವಿಯ ಕಾಲ್ಗುಣ

ಹೊಲಿಗೆ ಮಿಷನ್ನಿನ ಎಣ್ಣೆಯ ವಾಸನೆ ಬಂದರೆ ನನಗೆ ಆನೆ ನೆನಪಾಗುತ್ತದೆ. ಮೊನ್ನೆ ಬಾಗಿಲ ಪರದೆ ಹೊಲಿಸಲು ಹೋದ ಅಂಗಡಿಯಲ್ಲೂ ಹಾಗೇ ಆಯಿತು. ಮಿಷನ್ನಿನ ತೂತಿಗೆ ಹನಿ ಹನಿಯಾಗಿ ಎಣ್ಣೆ ಬಿಡುತ್ತಿದ್ದ ಹುಡುಗಿ ತಲೆಯೆತ್ತಿ, ಮೇಡಂ ಯಾಕೆ ನಗುತ್ತಿದ್ದಾರೆ ಎಂದು ನೋಡಿದಳು. ನಮ್ಮೂರ ಕಡೆ ಆನೆ ಇರಲಿಲ್ಲ. ನನ್ನ ಬಾಲ್ಯದಲ್ಲೂ ಇರಲಿಲ್ಲ, ಅಜ್ಜನ ಬಾಲ್ಯದಲ್ಲೂ ಇರಲಿಲ್ಲ. ಆದರೆ ಆನೆಯನ್ನು ಹೊಡೆಯುವ ಕೋವಿಯೊಂದು ಒಂದು ನವರಾತ್ರಿಯಿಂದ ದೀಪಾವಳಿಯ ತನಕ ಹೊಸನಗರದ ನಮ್ಮ ಮನೆಯಲ್ಲಿ, ಮದುವೆಯಾಗಿ ಬಂದ ಹೊಸ ಸೊಸೆಯ ಹಾಗೆ ಎಲ್ಲರ ಕಣ್ಣೆದುರು ಬಾಳಿತು. ಅದಕ್ಕೆ ಹಚ್ಚುತ್ತಿದ್ದದ್ದು ಚಿಕ್ಕಪ್ಪನ ಹೊಲಿಗೆ ಮಿಷನ್ನಿನ ಎಣ್ಣೆ.

ಮನೆ ಎಂದೆ. ಅದು ಬಸ್‌ಸ್ಟ್ಯಾಂಡಿನ ರಸ್ತೆಯಲ್ಲಿ ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು ಜೋಡಿಸಿದ ಕೋಣೆಗಳ ಸಾಲು. ಮೊದಲ ಕೋಣೆ ಚಿಕ್ಕಪ್ಪನ ಟೈಲರ್ ಅಂಗಡಿ, ಕೊನೆಯದು ಅಜ್ಜಿಯ ಅಡುಗೆಮನೆ. ಹೊಸ ಬಟ್ಟೆಯ ಗಂಜಿಯ ವಾಸನೆ, ಇಸ್ತ್ರಿಪೆಟ್ಟಿಗೆಯ ಕೆಂಡದ ಬಿಸಿ, ಮೀನುಸಾರಿನ ಘಾಟು ಎಲ್ಲ ಆ ಉದ್ದದ ಮನೆಯಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದವು. ಪ್ಯಾಂಟಿನ ಅಳತೆ ಕೊಡಲು ಬಂದವರು ಒಳಗಿನ ಸಾರಿಗೆ ಉಪ್ಪು ಸಾಲದು ಎಂದು ಹೇಳಿ ಹೋಗುತ್ತಿದ್ದರು. ನಾನು, ಅಕ್ಕ ಸುಮಿ, ಅಮ್ಮ, ಅಜ್ಜ, ಅಜ್ಜಿ, ಇನ್ನೂ ಮದುವೆಯಾಗದ ಗಣಪತಿ ಚಿಕ್ಕಪ್ಪ. ಅಪ್ಪ ಸಾಗರದ ಅಡಿಕೆ ಮಂಡಿಯಲ್ಲಿ ಕೆಲಸಕ್ಕಿದ್ದು ಭಾನುವಾರ ಮಾತ್ರ ಬರುತ್ತಿದ್ದರು. ಇಷ್ಟೂ ಜನ ಒಟ್ಟಿಗೆ ನಗುತ್ತಿದ್ದಂತೆ ನನಗೆ ಈಗ ಕೇಳಿಸುತ್ತದೆ. ಅಷ್ಟೆಲ್ಲ ನಕ್ಕಿದ್ದೆವೋ, ಅಥವಾ ಬೇರೆ ಬೇರೆ ದಿನಗಳ ನಗುಗಳನ್ನು ನಾನೇ ತಂದು ಒಂದೇ ಕೋಣೆಯಲ್ಲಿ ಕೂಡಿಸಿದ್ದೇನೋ, ಆಣೆ ಮಾಡಿ ಹೇಳಲಾರೆ.

ಅಜ್ಜನನ್ನು ಊರೆಲ್ಲ ಕರೆಯುತ್ತಿದ್ದದ್ದು ಕೋವಿ ಮಂಜಣ್ಣ ಎಂದು. ಅವನ ಬಳಿ ಕೋವಿ ಇರಲಿಲ್ಲ. ತೀರ್ಥಹಳ್ಳಿ ಕಡೆಯ ಒಂದು ದೊಡ್ಡಮನೆಯ ಪಟೇಲರು ಬೇಟೆಗೆ ಹೊರಟಾಗ ಅವರ ಹಿಂದೆ ಕೋವಿ ಹೊತ್ತು ನಡೆಯುವುದು ಅವನ ಕೆಲಸವಾಗಿತ್ತು. ಅದೂ ಎಂಥ ಕೋವಿ? ಪಟೇಲರ ತಂದೆ ಯಾವುದೋ ಹುಮ್ಮಸ್ಸಿನಲ್ಲಿ ದೂರದಿಂದ ತರಿಸಿದ ಜೋಡುನಳಿಗೆಯ ಭಾರೀ ರೈಫಲ್. ಆನೆಕೋವಿ ಎಂದೇ ಅದರ ಹೆಸರು. ಅದರ ನಳಿಗೆಯೊಳಗೆ ನನ್ನ ಹೆಬ್ಬೆರಳು ಸಲೀಸಾಗಿ ಇಳಿಯುತ್ತಿತ್ತು. ಪಟೇಲರು ಪ್ರಾಯದಲ್ಲಿ ಒಮ್ಮೆ ಅದರಿಂದ ಈಡು ಹೊಡೆದು, ಹೆಗಲಿನ ಮೂಳೆ ಬಿರುಕು ಬಿಟ್ಟು, ತಿಂಗಳುಗಟ್ಟಲೆ ಎಡಗೈಯಲ್ಲಿ ಊಟ ಮಾಡಿದ್ದರಂತೆ. ಆಮೇಲೆ ಹಂದಿಗೂ ಹುಲಿಗೂ ಬೇರೆ ಹಗುರ ಕೋವಿಯನ್ನೇ ಬಳಸಿದರು. ಆದರೂ ಆನೆಕೋವಿ ಹಿಂದೆ ಬರಲೇಬೇಕು, ಆನೆ ಎದುರಾದರೆ ಎಂತ ಮಾಡುವುದು ಎಂದು. ಎದುರಾಗಲಿಲ್ಲ. ಹೀಗೆ ಅಜ್ಜ ಪ್ರಾಯವಿಡೀ ಬಾರದ ಆನೆಗಾಗಿ ಕಾಡು ಗುಡ್ಡಗಳ ಮೇಲೆ ಕೋವಿ ಹೊತ್ತ. ಲೈಸೆನ್ಸಿನಲ್ಲಿ ಪಟೇಲರ ಹೆಸರಿನ ಕೆಳಗೆ, ಕೋವಿ ಹೊರಲು ಅಧಿಕಾರ ಇರುವವನೆಂದು ಇವನ ಹೆಸರೂ ಇತ್ತು. ಹೊರಬಹುದಿತ್ತು, ಒರೆಸಬಹುದಿತ್ತು. ಒಂದು ಸಲವೂ ಅದರ ಕುದುರೆ ಎಳೆದು ಈಡು ಹೊಡೆದವನಲ್ಲ.

ಬೇಟೆಗೆ ಕಾನೂನಿನ ತಡೆ ಬಂತು, ಪಟೇಲರು ತೀರಿಕೊಂಡರು. ಎಪ್ಪತ್ತರ ದಶಕದ ಕೊನೆಯೋ ಎಂಬತ್ತರ ಆರಂಭವೋ, ಅಂತೂ ಒಂದು ದಿನ ದೊಡ್ಡಮನೆಯ ಅಮ್ಮ, ಅಂದರೆ ಪಟೇಲರ ಹೆಂಡತಿ, ಅಜ್ಜನನ್ನು ಕರೆಸಿದರು. ತಮ್ಮ ಮಕ್ಕಳ ಕೈಗೆ ಕೋವಿ ಕೊಡುವುದು ಬೇಡ, ಹೊತ್ತವನೇ ಇಟ್ಟುಕೊಳ್ಳಲಿ, ಲೈಸೆನ್ಸು ಅವನ ಹೆಸರಿಗೆ ಮಾಡಿಸೋಣ ಎಂದರು. ಅಜ್ಜ ಸಂಜೆಯ ಬಸ್ಸಿನಲ್ಲಿ ಮನೆಗೆ ಬಂದವನು ಕಾಲು ತೊಳೆಯುವುದನ್ನೂ ಮರೆತು ಅಡುಗೆಮನೆಯ ಬಾಗಿಲಲ್ಲಿ ನಿಂತ. ಊರು ಇಷ್ಟು ವರ್ಷ ಸುಳ್ಳುಸುಳ್ಳೇ ಕರೆದ ಹೆಸರು ಈಗ ನಿಜವಾಗಬಹುದಿತ್ತು. ಅವನ ಮುಖದಲ್ಲಿ ಅದಿತ್ತು. ಅವನು ಅಷ್ಟು ಆಸೆಪಟ್ಟದ್ದನ್ನು ನಾನು ಅದಕ್ಕೆ ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ.

ಅಜ್ಜಿ ಒಲೆಯ ಕಡೆಗೇ ಮುಖ ಮಾಡಿ ಹೇಳಿದಳು: “ಹಸು ತಂದ್ರೆ ಹಾಲು ಕೊಡ್ತದೆ. ನಾಯಿ ತಂದ್ರೆ ಬೊಗಳ್ತದೆ. ಇದನ್ನ ತಂದು ಎಂತ ಮಾಡದು ಮಾರಾಯ್ರೆ, ಆನೆ ಸಾಕದಾ?”

ಚಿಕ್ಕಪ್ಪ ತರಲೇಬೇಕು ಎಂದ. ಭಾನುವಾರ ಬಂದ ಅಪ್ಪ, ಬೇಡ ಎಂದೂ ಹೇಳದೆ ಬೇಕು ಎಂದೂ ಹೇಳದೆ, ಸಾಗರದಲ್ಲಿ ಯಾರನ್ನಾದರೂ ಕೇಳುತ್ತೇನೆ ಎಂದರು. ಅಪ್ಪ ಯಾವ ವಿಷಯಕ್ಕೂ ಸಾಗರದಲ್ಲಿ ಯಾರನ್ನಾದರೂ ಕೇಳುವವರೇ. ಕೊನೆಗೆ ತೀರ್ಮಾನದ ದಾರಿ ಹುಡುಕಿದವಳು ಅಜ್ಜಿ. ನಮ್ಮ ಕಡೆ ಕರಾವಿನ ಹಸುವನ್ನು ಕೊಳ್ಳುವ ಮೊದಲು ಕೆಲವು ದಿನ ಮನೆಗೆ ತಂದು ಕಟ್ಟಿಕೊಂಡು ನೋಡುವ ರೂಢಿ ಇತ್ತು. ಅದು ಬಂದ ಮೇಲೆ ಮನೆಯಲ್ಲಿ ಒಳ್ಳೆಯದಾದರೆ ಕಾಲ್ಗುಣ ಚೆನ್ನಾಗಿದೆ ಎಂದು ಇಟ್ಟುಕೊಳ್ಳುವುದು, ಇಲ್ಲವಾದರೆ ಮರಳಿಸುವುದು. ಕೋವಿಗೂ ಅದೇ ಆಗಲಿ ಎಂದಳು. ಆಯುಧಪೂಜೆಗೆ ಬರಲಿ, ದೀಪಾವಳಿಯ ತನಕ ಇರಲಿ, ಕಾಲ್ಗುಣ ನೋಡೋಣ. ಕೋವಿಗೆ ಕಾಲೆಲ್ಲಿದೆ ಎಂದು ಅಮ್ಮ ನಕ್ಕರೆ, ಅಜ್ಜ ಗಂಭೀರನಾಗಿ, “ಬುಡ ಊರಿ ನಿಲ್ತದಲ್ಲ, ಅದೇ ಕಾಲು” ಎಂದ.

ಹಾಗೆ ಅದು ಬಂತು. ಹೊಸಿಲು ದಾಟುವಾಗ ಬಲಗಾಲು ಮುಂದಿರಬೇಕೆಂದು ಅಜ್ಜಿ ತಡೆದಳು. ಎರಡು ನಳಿಗೆಗಳಲ್ಲಿ ಬಲದ್ದು ಯಾವುದು ಎಂದು ಬಾಗಿಲಲ್ಲೇ ವಾದವಾಯಿತು. ಬಾಯಿ ಮುಂದಾಗಿ ಹಿಡಿದರೆ ಒಂದು, ಬುಡ ಮುಂದಾಗಿ ಹಿಡಿದರೆ ಇನ್ನೊಂದು. ಬೇಡವೆಂದವಳೇ ಆರತಿ ತಟ್ಟೆ ತಂದಳು. ಚಿಕ್ಕಪ್ಪ ಟೇಪು ಕೊರಳಿಗೆ ಹಾಕಿಕೊಂಡು ಅದರ ಅಳತೆ ತೆಗೆದುಕೊಂಡ. ಗಿರಾಕಿಗಳೊಡನೆ ಮಾತಾಡುವಂತೆಯೇ ಅದರ ಜೊತೆ ಮಾತಾಡುತ್ತ, ಸೊಂಟ ಸ್ವಲ್ಪ ಸಡಿಲ ಬಿಡಲಾ ಎಂದು ಕೇಳುತ್ತ, ಖಾಕಿ ಬಟ್ಟೆಗೆ ಒಳಗೆ ಮೆತ್ತನೆಯ ಫ್ಲಾನೆಲ್ ಕೊಟ್ಟು ಒಂದು ಅಂಗಿ ಹೊಲಿದ. ಕೈ ತನ್ನ ಪಾಡಿಗೆ ತಾನು ಹೊಲಿಯುತ್ತ ಹೋಗಿ ಅದಕ್ಕೊಂದು ಜೇಬೂ ಬಂತು. ಅಜ್ಜ ಆ ಜೇಬಿನಲ್ಲಿ ತನ್ನ ಎಲೆಯಡಿಕೆ ಇಟ್ಟುಕೊಳ್ಳತೊಡಗಿದ.

ಅಂದಿನಿಂದ ನಮ್ಮ ಮನೆಯಲ್ಲಿ ಏನು ನಡೆದರೂ ಅದು ಕೋವಿಯ ಲೆಕ್ಕ. ಕೋವಿ ನೋಡಲು ಬಂದವರು ಸುಮ್ಮನೆ ನಿಂತು ನೋಡುವುದು ಹೇಗೆಂದು ಒಂದು ಗುಂಡಿಯನ್ನಾದರೂ ಹೊಲಿಸಿಕೊಂಡು ಹೋಗುತ್ತಿದ್ದರು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಕಾಲ್ಗುಣ ಎಂದ ಚಿಕ್ಕಪ್ಪ. ಕೋವಿಗೆ ಬಿಟ್ಟ ಎಣ್ಣೆ ನೆಲಕ್ಕೆ ಸೋರಿ ಅಜ್ಜಿ ಜಾರಿ ಕೂತಳು. “ಇದೂ ಕಾಲ್ಗುಣವೇಯ” ಎಂದಳು ಕೂತಲ್ಲಿಂದಲೇ. ಚರಂಡಿಯ ವಿಷಯಕ್ಕೆ ಸದಾ ಜಗಳ ತೆಗೆಯುತ್ತಿದ್ದ ಪಕ್ಕದ ಮನೆಯವರು ಇದ್ದಕ್ಕಿದ್ದಂತೆ ಬಹುವಚನದಲ್ಲಿ ಮಾತಾಡಿಸತೊಡಗಿದರು. ಅದೇ ವಾರ ಹುಂಚದ ಕಡೆಯಿಂದ ಚಿಕ್ಕಪ್ಪನನ್ನು ನೋಡಲು ಹೆಣ್ಣಿನ ಕಡೆಯವರು ಬಂದರು. ಹೆಣ್ಣಿನ ಸೋದರಮಾವ ಕಾಫಿ ಲೋಟ ಹಿಡಿದು, ಮೂಲೆಯಲ್ಲಿ ಖಾಕಿ ಅಂಗಿ ತೊಟ್ಟು ನಿಂತಿದ್ದ ಉದ್ದನೆಯ ವಸ್ತುವನ್ನು ನೋಡಿ ಏನದು ಎಂದು ಕೇಳಿದರು. ಅಜ್ಜಿ ಗಾಬರಿಯಲ್ಲಿ ತಂಬೂರಿ ಎಂದುಬಿಟ್ಟಳು. ಹಾಗಾದರೆ ಒಂದು ಹಾಡು ಆಗಲಿ ಎಂದರು ಅವರು. ಚಿಕ್ಕಪ್ಪ ಕೆಂಪಗಾಗಿ, ಕಣ್ಣು ಮುಚ್ಚಿ, ಭಜನೆಯಲ್ಲಿ ಕೇಳಿದ ಎರಡು ಸಾಲು ಹಾಡಿದ. ಸಂಬಂಧ ಗಟ್ಟಿಯಾಯಿತು. ಆಮೇಲೆ ನಮ್ಮ ಚಿಕ್ಕಮ್ಮನಾಗಿ ಬಂದವಳು, ಆ ದಿನ ಬಾಗಿಲ ಸಂದಿಯಲ್ಲಿ ತಾನು ನಕ್ಕದ್ದು ಹಾಡಿಗಲ್ಲ, ಅದು ಕೋವಿಯೆಂದು ಗೊತ್ತಾಗಿತ್ತು ಎಂದಳು. ನನ್ನ ಅಕ್ಕ ಇದನ್ನು ಒಪ್ಪುವುದಿಲ್ಲ. ಆ ದಿನ ಹೆಣ್ಣು ನಮ್ಮ ಮನೆಗೆ ಬಂದೇ ಇರಲಿಲ್ಲ, ಬಾಗಿಲ ಸಂದಿಯಲ್ಲಿ ನಕ್ಕವಳು ನೀನೇ ಎನ್ನುತ್ತಾಳೆ. ಇರಬಹುದು. ಆ ನಗು ಯಾರದೆಂದು ಬಿಟ್ಟುಬಿಡೋಣ, ನಗು ಇತ್ತು.

ದೀಪಾವಳಿ ಕಳೆಯಿತು. ಅಜ್ಜಿಯೂ ಸೋತು ಕಾಲ್ಗುಣ ಪರವಾಗಿಲ್ಲ ಎಂದು ಒಪ್ಪಿದಳು. ಇನ್ನು ಅಜ್ಜ ಹೂಂ ಎಂದರೆ ಮುಗಿಯಿತು. ಆದರೆ ಅವನೇ ಸುಮ್ಮನಾಗಿದ್ದ. ಬೆಳಿಗ್ಗೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಒರೆಸುವನು, ಒರೆಸಿದಲ್ಲೇ ಒರೆಸುವನು, ಎಲ್ಲೋ ನೋಡುವನು. ನಿಮ್ಮ ಮನೆಗಳಲ್ಲೂ ಇಂಥ ಒಬ್ಬರು ಇದ್ದಿರಬಹುದು, ಬೇಕಾದದ್ದು ಕೈಗೆ ಬಂದಾಗ ಬಾಯಿ ಕಟ್ಟಿಹೋಗುವವರು. ಕಡೆಗೆ ಚಿಕ್ಕಪ್ಪ, ಒಂದು ಈಡು ಹೊಡೆದೇ ನೋಡು ಅಪ್ಪಯ್ಯ, ಹೊಡೆದವನಿಗೆ ಗೊತ್ತಾಗುತ್ತದೆ ಎಂದ. ದೊಡ್ಡಮನೆಯಿಂದ ಕೋವಿಯ ಜೊತೆ ಬಂದ ಗುಂಡಿನ ಹಳೇ ತೋಟೆಗಳು ಕೆಲವಿದ್ದವು. ಊರಾಚೆಯ ಕಲ್ಲುಬಯಲಿಗೆ ಒಂದು ಬೆಳಿಗ್ಗೆ ಎಲ್ಲರೂ ಹೋದೆವು. ದೊಡ್ಡ ಮಣ್ಣಿನ ದಿಬ್ಬದ ಕಡೆಗೆ ಅಜ್ಜ ಕೋವಿ ಎತ್ತಿದ. ನಾವು ದೂರದಲ್ಲಿ ಕಿವಿ ಮುಚ್ಚಿ ನಿಂತೆವು. ಅವನಿಗೆ ಅದನ್ನು ಎಲ್ಲಿ ಊರಬೇಕೆಂದು ತಿಳಿಯಲಿಲ್ಲ. ಹೊತ್ತು ಹೊತ್ತು ಹೆಗಲ ಮೇಲ್ಗಡೆ ಅದಕ್ಕೆಂದೇ ಒಂದು ತಗ್ಗು ಆಗಿತ್ತು. ಹೊಡೆಯುವವನಿಗೆ ಬೇಕಾದದ್ದು ಹೆಗಲಿನ ಮುಂಭಾಗ. ಅಲ್ಲಿ ಕೋವಿಯೂ ಅವನೂ ಒಬ್ಬರಿಗೊಬ್ಬರು ಹೊಸಬರು.

ಮುಂದೆ ನಡೆದದ್ದು ನನ್ನ ನೆನಪಿನಲ್ಲಿ ಹೀಗಿದೆ: ಬಯಲು ಸೀಳಿಹೋಗುವಂಥ ಸದ್ದು, ಹೊಸನಗರದ ಕಾಗೆಗಳೆಲ್ಲ ಆಕಾಶಕ್ಕೆ, ಅಜ್ಜ ನೆಲಕ್ಕೆ. ಸುಮಿಯ ನೆನಪಿನಲ್ಲಿ ಸದ್ದೇ ಇಲ್ಲ. ಅಜ್ಜ ಬಹಳ ಹೊತ್ತು ಗುರಿ ಹಿಡಿದು ನಿಂತು, ಕೋವಿ ಇಳಿಸಿ, ನಡೀರಿ ಹಸಿವಾಯ್ತು ಎಂದ. ಚಿಕ್ಕಪ್ಪ ಕೊನೆಯವರೆಗೂ ಹೇಳುತ್ತಿದ್ದದ್ದು ಕುದುರೆ ಎಳೆದದ್ದು ಹೌದು, ತೋಟೆ ಹಳತಾಗಿ ಟಕ್ ಎಂದಿತು, ಅಷ್ಟೇ. ಒಂದೇ ಬಯಲಿನಲ್ಲಿ ಒಟ್ಟಿಗೆ ನಿಂತ ಮೂವರ ಮಾತು ಇದು. ನಾನು ಮೊದಮೊದಲು ಯಾವುದು ನಿಜವೆಂದು ಹಟ ಹಿಡಿಯುತ್ತಿದ್ದೆ. ಈಗ ಮೂರನ್ನೂ ಇಟ್ಟುಕೊಂಡಿದ್ದೇನೆ. ಆದರೆ ಹಿಂತಿರುಗುವ ದಾರಿಯಲ್ಲಿ ಅಜ್ಜ ಆಡಿದ ಮಾತಿನಲ್ಲಿ ಮೂವರಿಗೂ ಒಂದಕ್ಷರದ ವ್ಯತ್ಯಾಸ ಇಲ್ಲ.

“ಇಷ್ಟು ವರ್ಷ ಹೊತ್ತೆ. ಸಂಜೆ ಆದ್ರೆ ಇಳಿಸಿ ಬರಕ್ಕೆ ಒಂದು ಮನೆ ಇತ್ತು. ನಂದೇ ಅಂತ ಆದ್ರೆ ಎಲ್ಲಿ ಇಳಿಸ್ಲಿ?”

ಮನೆ ತಲುಪಿದ ಮೇಲೆ ಜಗಳ ತೆಗೆದವಳು ಅಜ್ಜಿ. ಇಷ್ಟು ಒಳ್ಳೇ ಕಾಲ್ಗುಣದ್ದನ್ನು ಯಾರಾದರೂ ಮನೆಯಿಂದ ಕಳಿಸುತ್ತಾರಾ, ಬಂದದ್ದನ್ನು ಹೊರಹಾಕಿದರೆ ಏಳಿಗೆ ಉಂಟಾ ಎಂದು ಪಾತ್ರೆಗಳನ್ನೆಲ್ಲ ಸದ್ದು ಮಾಡಿದಳು. ಅಜ್ಜ ಬಯ್ಗುಳ ಕೇಳುತ್ತ ಆರಾಮವಾಗಿ ಗಂಜಿ ಊಟ ಮಾಡಿದ. ಅಷ್ಟು ದಿನದ ಮೇಲೆ ಎರಡನೇ ಸಲ ಬಡಿಸಿಕೊಂಡ.

ಮರಳಿಸಲು ಹೋದದ್ದು ಅಜ್ಜ, ಚಿಕ್ಕಪ್ಪ ಮತ್ತು ನಾನು. ದೊಡ್ಡಮನೆಯ ಅಮ್ಮ ಜಗಲಿಯಲ್ಲಿ ಕೂತು ಎಲ್ಲ ಕೇಳಿದರು. ಅವರು ಬೇಸರಪಡುತ್ತಾರೆ ಎಂದು ಅಜ್ಜ ಹೆದರಿದ್ದ. ಅವರು ನಕ್ಕರು. “ಈ ಮನೇಲಿ ಅದನ್ನ ಬೇಡ ಅಂದವನು ನೀನೊಬ್ಬನೇ ನೋಡು ಮಂಜಣ್ಣ. ನಮ್ಮೋರಿಗೆ ಹೆಗಲು ಮುರಿದ್ರೂ ಬೇಡ ಅನ್ನಕ್ಕೆ ಬಾಯಿ ಬರ್ಲಿಲ್ಲ” ಎಂದರು. ಕೋವಿಯನ್ನು ಸರ್ಕಾರಕ್ಕೆ ಒಪ್ಪಿಸಿಬಿಡುತ್ತೇನೆ ಎಂದು ಹೇಳಿ ನಮಗೆ ಊಟಕ್ಕೆ ಎಲೆ ಹಾಕಿಸಿದರು. ಆಮೇಲೆ ಅದು ಎಲ್ಲಿಗೆ ಹೋಯಿತೋ ನಮಗೆ ತಿಳಿಯಲಿಲ್ಲ, ಕೇಳಲೂ ಇಲ್ಲ. ಹೊಸನಗರದ ಆ ಉದ್ದದ ಮನೆಯೂ ಈಗ ಇಲ್ಲ. ಅಂಗಡಿ ಇದ್ದ ಜಾಗ ರಸ್ತೆಗೆ ಹೋಯಿತು, ಅಡುಗೆಮನೆ ಇದ್ದಲ್ಲಿ ಯಾರೋ ಸ್ಕೂಟರು ನಿಲ್ಲಿಸುತ್ತಾರೆ.

ಆ ದಿನ ದೊಡ್ಡಮನೆಯ ಊಟ ಮುಗಿಸಿ ಮಧ್ಯಾಹ್ನದ ಬಸ್ಸಿನಲ್ಲಿ ಹೊರಟೆವು. ಅಜ್ಜ ಕಿಟಕಿಯ ಪಕ್ಕ, ನಡುವೆ ನಾನು, ಈಚೆಗೆ ಚಿಕ್ಕಪ್ಪ. ಆ ಸೀಟಿನ ಮೂವರಲ್ಲಿ ಈಗ ಉಳಿದವಳು ನಾನೊಬ್ಬಳು. ಕೋವಿ ಹೊತ್ತು ಓಡಾಡಿದ ಕಾಲದಲ್ಲಿ ಅದರೊಂದಿಗೆ ಬಸ್ಸು ಹತ್ತಿದರೆ ಅಜ್ಜ ಕಣ್ಣು ಮುಚ್ಚುತ್ತಿರಲಿಲ್ಲವಂತೆ, ಯಾರದೋ ವಸ್ತು, ಹೆಚ್ಚುಕಡಿಮೆಯಾದರೆ ಎಂದು. ಅಂದು ಬಸ್ಸು ತೀರ್ಥಹಳ್ಳಿ ದಾಟುವಷ್ಟರಲ್ಲಿ ಅವನ ತಲೆ ಕಿಟಕಿಯ ಸರಳಿಗೆ ಒರಗಿತು, ಬಾಯಿ ತೆರೆಯಿತು, ಕೈಗಳು ಎರಡೂ ಮೇಲ್ಮುಖವಾಗಿ ತೊಡೆಯ ಮೇಲೆ ಬಿದ್ದವು. ಹುಂಚದಲ್ಲಿ ಜನ ನುಗ್ಗಿದರು, ಕೋಳಿ ಕೂಗಿತು, ಯಾರದೋ ಮೂಟೆ ಅವನ ಮೊಣಕಾಲಿಗೆ ತಾಗಿತು. ಏಳಲಿಲ್ಲ. ಕಂಡಕ್ಟರು ಹೊಸನಗರ, ಹೊಸನಗರ ಎಂದು ಕೂಗಿದಾಗ ನಾನು ಅಜ್ಜನ ತೋಳು ಹಿಡಿದೆ. ಚಿಕ್ಕಪ್ಪ ನನ್ನ ಕೈಯನ್ನು ಮೆಲ್ಲಗೆ ಬಿಡಿಸಿದ. ತುಟಿಯ ಮೇಲೆ ಬೆರಳಿಟ್ಟು, ನಗರ ಎಂಬ ಮುಂದಿನ ಊರಿನವರೆಗೆ ಮತ್ತೆ ಟಿಕೆಟ್ ಮಾಡಿಸಿದ. ಕಿಟಕಿಯಾಚೆ ನಮ್ಮ ಮನೆ ಹಾದುಹೋಯಿತು. ಬಾಗಿಲಲ್ಲಿ ಅಜ್ಜಿ ರಸ್ತೆ ನೋಡುತ್ತ ನಿಂತಿದ್ದಳು, ಅವಳಿಗೆ ನಾವು ಕಾಣಲಿಲ್ಲ.

ನಗರದ ಕೋಟೆಯ ಗೋಡೆ ಕಂಡಾಗ ಸಂಜೆಯ ಬಿಸಿಲು ಓರೆಯಾಗಿತ್ತು. ತಿರುವಿನಲ್ಲಿ ಬಸ್ಸು ಕುಲುಕಿ ಅಜ್ಜ ಕಣ್ಣು ಬಿಟ್ಟ. ಸ್ವಲ್ಪ ಹೊತ್ತು ಏನೂ ಗುರುತಾಗದವನಂತೆ ನನ್ನನ್ನು ನೋಡಿದ.

“ಹೊಸನಗರ ಬಂತನಾ?” ಎಂದ.

“ಬಂದು ಹೋಯ್ತು, ಅಪ್ಪಯ್ಯ” ಎಂದ ಚಿಕ್ಕಪ್ಪ.

ಅಜ್ಜ ಹೊರಗೆ ನೋಡಿದ, ಕೋಟೆಯನ್ನು ನೋಡಿದ, ನಕ್ಕ. ಆಮೇಲೆ ಕಾಲು ಚಾಚಿ, ಬಸ್ಸು ಪೂರಾ ನಿಲ್ಲುವ ತನಕ ಇನ್ನೂ ಸ್ವಲ್ಪ ಮಲಗುತ್ತೇನೆ ಎಂದು ಮತ್ತೆ ಕಣ್ಣು ಮುಚ್ಚಿದ.