ರಬ್ಬರಿನೊಳಗಿನ ಗಂಟು

ಆ ಬೀದಿಯಲ್ಲಿ ಕಾರಿನ ಕರೆಂಟು ಕೆಲಸ ಮಾಡುವವರು ಇಬ್ಬರಿದ್ದರು. ಒಬ್ಬ ಮೇಸ್ತ್ರಿ. ಇನ್ನೊಬ್ಬ, ಎದುರು ಸಾಲಿನಲ್ಲಿ ನಾಲ್ಕು ಅಂಗಡಿ ಆಚೆಗಿದ್ದ ಅವನ ಅಳಿಯ. ಮೇಸ್ತ್ರಿಯ ಲೆಕ್ಕದಲ್ಲಿ ಮಾತ್ರ ಒಬ್ಬನೇ ಇದ್ದ.

ಅರವತ್ತಾರು ವರ್ಷದ ಈ ಮನುಷ್ಯನಿಗೆ ಲೋಕದ ಬಗ್ಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಬಾಗಿಲನ್ನು ಧಡಾರನೆ ಹಾಕುವವರು, ಬಾನೆಟ್ಟಿನ ಮೇಲೆ ಟೀ ಲೋಟ ಇಡುವವರು, ಐದು ನಿಮಿಷದ ಕೆಲಸ ನೋಡಿ ಎಂದು ಹಲ್ಲು ಕಿರಿಯುವವರು, ಎಲ್ಲರೂ ಅವನಿಗೆ ಅಷ್ಟಕ್ಕಷ್ಟೆ. ಕನ್ನಡಕ ಹಾಕಿಕೊಂಡು ವೈರು ನೋಡುವವರನ್ನೂ ಅವನು ಅದೇ ಗುಂಪಿಗೆ ಸೇರಿಸಿದ್ದ. ಮಗಳು ತಂದುಕೊಟ್ಟ ಕನ್ನಡಕ ಫ್ಯೂಸುಗಳ ಡ್ರಾಯರಿನಲ್ಲಿ ಹೊಸದಾಗಿಯೇ ಬಿದ್ದಿತ್ತು.

ಆದರೆ ತಿರಸ್ಕಾರದ ಸಿಂಹಪಾಲು ಅಳಿಯನಿಗೆ ಮೀಸಲು. ಅಳಿಯನ ಬಳಿ ಒಂದು ಯಂತ್ರವಿತ್ತು. ಅದನ್ನು ಕಾರಿಗೆ ಚುಚ್ಚಿದರೆ ಎಲ್ಲಿ ಏನು ಕೆಟ್ಟಿದೆ ಎಂದು ಪರದೆಯ ಮೇಲೆ ತೋರಿಸುತ್ತಿತ್ತು. ಮೇಸ್ತ್ರಿ ಅದನ್ನು ಡಬ್ಬಿ ಎಂದು ಕರೆದ, ಕ್ರಮೇಣ ಅಳಿಯನನ್ನೂ ಡಬ್ಬಿ ಎಂದೇ ಕರೆಯತೊಡಗಿದ. ಮನೆಯ ಅಳಿಯನೆಂಬ ದಾಕ್ಷಿಣ್ಯಕ್ಕಾದರೂ ಒಂದು ಬಹುವಚನ ಅವನ ಬಾಯಿಂದ ಹೊರಡಲಿಲ್ಲ.

ಮಗಳು ಎರಡು ವರ್ಷದಿಂದ ಒಂದೇ ರಾಗ ಹಾಡುತ್ತಿದ್ದಳು. ಗಂಡನ ಅಂಗಡಿಯಲ್ಲಿ ಜಾಗ ಬೇಕಾದಷ್ಟಿದೆ, ಅಪ್ಪನೂ ಅಲ್ಲಿಗೇ ಬರಲಿ, ಕೈಕೆಲಸ ಅಪ್ಪನದು, ಯಂತ್ರದ ಕೆಲಸ ಗಂಡನದು. ಕೊನೆಗೊಂದು ದಿನ ಊಟಕ್ಕೆ ಕೂತಾಗ ಮೇಸ್ತ್ರಿ ಕೈಯೆತ್ತಿ ಅವಳ ಬಾಯಿ ಮುಚ್ಚಿಸಿದ್ದ.

"ನಾನು ಹಾಕಿದ ಜಾಯಿಂಟು ಒಂದೇ ಒಂದು ಬಿಟ್ಕೊಂಡಿದೆ ಅಂತ ತೋರಿಸು. ಅವತ್ತೇ ಅಂಗಡಿ ಮುಚ್ಚಿ ನಿನ್ನ ಗಂಡನ ಹತ್ರ ಬಂದು ಕೂತ್ಕೋತೀನಿ."

ಅವನ ಬಗ್ಗೆ ಒಂದು ಒಳ್ಳೆಯ ಮಾತು ಹೇಳಲೇಬೇಕೆಂದರೆ, ಆಡಿದ ಮಾತನ್ನು ಅವನು ನುಂಗಿದವನಲ್ಲ. ನುಂಗುವ ಪ್ರಸಂಗ ಬಂದಿರಲಿಲ್ಲ ಎನ್ನುವುದೂ ನಿಜವೇ.

ಆ ಮಾತಿನ ಹಿಂದಿದ್ದ ಧೈರ್ಯ ಒಂದು ಗಂಟಿನದು. ಎರಡು ವೈರುಗಳನ್ನು ಬೆಸೆದ ಮೇಲೆ ಎಲ್ಲರೂ ಟೇಪು ಸುತ್ತಿ ಕೈತೊಳೆದುಕೊಳ್ಳುತ್ತಾರೆ. ಮೇಸ್ತ್ರಿ ಹಾಗಲ್ಲ. ಮೇಣ ತಿಕ್ಕಿದ ದಾರವನ್ನು ಬೆಸುಗೆಯ ಮೇಲೆ ಒತ್ತಾಗಿ ಸುತ್ತಿ, ತುದಿಯನ್ನು ಎರಡು ಸಲ ಒಳಗೆ ತೂರಿಸಿ, ಉಗುರಿನಿಂದ ಒತ್ತಿ, ಅದರ ಮೇಲೆ ಟೇಪು ಹಾಕುತ್ತಿದ್ದ. ಮಗಳು ಚಿಕ್ಕವಳಿದ್ದಾಗ ಮೇಣದಬತ್ತಿಗೆ ದಾರ ತಿಕ್ಕಿಕೊಡುವ ಕೆಲಸ ಅವಳದಾಗಿತ್ತು.

ಅವತ್ತು ಮಧ್ಯಾಹ್ನ ದನದ ಡಾಕ್ಟರಮ್ಮ ತನ್ನ ಹಳೇ ಕಾರನ್ನು ಅವನ ಬಾಗಿಲಿಗೆ ತಂದು ನಿಲ್ಲಿಸಿದಳು. ಯಾರಿಂದಲೋ ಕೊಂಡು ಮೂರು ತಿಂಗಳಾಗಿತ್ತಂತೆ. ಡಿಕ್ಕಿಯ ಬಾಗಿಲು ಬಟನ್ನು ಒತ್ತಿದರೆ ತೆರೆಯುವುದಿಲ್ಲ, ಔಷಧಿಯ ಪೆಟ್ಟಿಗೆ ಬೇಕಾದಾಗಲೆಲ್ಲ ಹಿಂದಿನ ಸೀಟಿನ ಮೇಲೆ ಹತ್ತಿ ಇಳಿಯಬೇಕು. ಎದುರಿನ ಅಂಗಡಿಯಲ್ಲಿ ಎರಡು ದಿನ ಬಿಟ್ಟಿದ್ದೆ, ಬೀಗದ ಮೋಟಾರೇ ಹೋಗಿದೆ, ಹೊಸದು ತರಿಸಬೇಕು ಅಂದರು ಎಂದಳು.

ಮೇಸ್ತ್ರಿಯ ಮುಖ ಅರಳಿತು. ಬೇರೆಯವರ ತಪ್ಪು ಕಂಡಾಗ ಮಾತ್ರ ಅರಳುವ ಮುಖ ಅದು.

ಸೀಟು ಮಡಚಿ ಒಳಗೆ ತೆವಳಿ, ಬಾಗಿಲಿನ ಒಳಹಲಗೆ ಬಿಚ್ಚಿ, ಬೀಗದ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ತಳ್ಳಿ ಬಾಗಿಲು ಎತ್ತಿದ. ಬ್ಯಾಟರಿಯಿಂದ ನೇರ ಕರೆಂಟು ಮುಟ್ಟಿಸಿದ ಕೂಡಲೇ ಮೋಟಾರು ಟಕ್ಕೆಂದು ಸದ್ದು ಮಾಡಿತು. ಮೋಟಾರು ಗುಂಡುಕಲ್ಲಿನ ಹಾಗಿದೆ, ಅದರವರೆಗೆ ಕರೆಂಟು ಬರುತ್ತಿಲ್ಲ ಅಷ್ಟೇ ಎಂದು ಡಾಕ್ಟರಮ್ಮನಿಗೆ ಪಾಠ ಹೇಳಿದ. ಛಾವಣಿಯಿಂದ ಬಾಗಿಲಿಗೆ ವೈರುಗಳು ಹಾದುಹೋಗುವಲ್ಲಿ ಒಂದು ರಬ್ಬರಿನ ಕೊಳವೆ ಇರುತ್ತದೆ. ಬಾಗಿಲು ತೆಗೆದು ಹಾಕಿದಾಗಲೆಲ್ಲ ಅದು ಮಡಚಿಕೊಳ್ಳುತ್ತದೆ. ಹಳೇ ಕಾರುಗಳಲ್ಲಿ ವೈರು ತುಂಡಾಗುವುದು ಅಲ್ಲೇ. ಕೊಳವೆಯನ್ನು ಹಿಂದಕ್ಕೆ ಸರಿಸಿದಾಗ ಬಿಟ್ಟುಕೊಂಡ ಹಳೆಯ ಜಾಯಿಂಟೊಂದು ಹೊರಬಂತು.

ಮಡಚಿಕೊಳ್ಳುವ ಜಾಗದಲ್ಲಿ ಜಾಯಿಂಟು ಹಾಕಬಾರದೆಂದು ಈ ಕೆಲಸಕ್ಕೆ ಕೈಹಾಕಿದ ಮೊದಲ ವಾರವೇ ಗೊತ್ತಾಗುತ್ತದೆ. ಉದ್ದನೆಯ ವೈರು ಹಾಕಿ ಜಾಯಿಂಟನ್ನು ಛಾವಣಿಯ ಒಳಕ್ಕೆ ಒಯ್ಯಬೇಕು. ಅದಕ್ಕೆ ಛಾವಣಿಯ ಬಟ್ಟೆ ಬಿಚ್ಚಬೇಕು, ಮೈಬಗ್ಗಿಸಬೇಕು. ಇವನು ಯಾರೋ ಮೈಗಳ್ಳ, ಅಲ್ಲಿಗಲ್ಲಿಗೇ ಗಂಟುಹಾಕಿ ಮನೆಗೆ ಹೋಗಿದ್ದಾನೆ. ಯಾರೋ ಏನು, ಡಬ್ಬಿಯೇ. ಮೇಸ್ತ್ರಿ ಆ ತುಂಡನ್ನು ಕತ್ತರಿಸಿಕೊಂಡು, ಡಾಕ್ಟರಮ್ಮನನ್ನು ಅಲ್ಲೇ ಬಿಟ್ಟು, ಬೀದಿ ದಾಟಿದ.

ಅಳಿಯನ ಅಂಗಡಿಯಲ್ಲಿ ಮೂವರು ಗಿರಾಕಿಗಳು ಕಾಯುತ್ತಿದ್ದರು. ಮೇಸ್ತ್ರಿಗೆ ಇನ್ನೇನು ಬೇಕು? ತುಂಡನ್ನು ಎತ್ತಿ ಹಿಡಿದು ಎಲ್ಲರಿಗೂ ಕೇಳುವಂತೆ ಶುರುಮಾಡಿದ. ಮೋಟಾರು ಹೋಗಿದೆ ಅಂತ ಹೇಳಿತಾ ನಿನ್ನ ಡಬ್ಬಿ? ಡಬ್ಬಿಗೆ ರಬ್ಬರಿನ ಒಳಗೆ ಕಣ್ಣು ಕಾಣುವುದಿಲ್ಲವೋ? ಇಂಥ ಕೆಲಸ ಮಾಡಿದವನು ವೈರು ಮುಟ್ಟುವುದು ಬಿಟ್ಟು ತರಕಾರಿ ಮಾರಬೇಕು.

"ಸಾಲದ್ದಕ್ಕೆ ನನ್ನ ಹಾಗೆ ದಾರ ಸುತ್ತೋಕೆ ಬೇರೆ ಹೋಗಿದ್ದೀಯ. ನೋಡಿ ಕಲಿತರೆ ಬರೋ ವಿದ್ಯೆನಾ ಇದು?"

ಅಳಿಯ ತುಂಡನ್ನು ತೆಗೆದುಕೊಂಡು ದೀಪದ ಕೆಳಗೆ ಹಿಡಿದು ನೋಡಿದ. ಅಂಗಡಿಯಲ್ಲೇ ಇದ್ದ ಮಗಳು ಹತ್ತಿರ ಬಂದಳು. ಅವಳೂ ನೋಡಿದಳು. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಸ್ತ್ರಿ ಅದನ್ನು ನಾಚಿಕೆಯೆಂದು ತಿಳಿದ.

"ನಂದೇ ಮಾವ," ಎಂದ ಅಳಿಯ. "ಅವಸರದಲ್ಲಿ ಮಾಡಿಬಿಟ್ಟೆ. ತಪ್ಪಾಯ್ತು."

ಮೇಸ್ತ್ರಿ ತುಂಡನ್ನು ಕಿತ್ತುಕೊಂಡು ಎದೆಯುಬ್ಬಿಸಿ ವಾಪಸು ಬಂದ. ಇಷ್ಟು ಸಲೀಸಾಗಿ ಸೋತದ್ದಕ್ಕೂ ಅಳಿಯನ ಮೇಲೆ ತಾತ್ಸಾರವೇ ಹುಟ್ಟಿತು. ಎದುರು ನಿಂತು ನಾಲ್ಕು ಮಾತಾಡುವ ತಾಕತ್ತೂ ಇಲ್ಲ ಇವನಿಗೆ ಎಂದುಕೊಂಡ.

ಛಾವಣಿಯ ಬಟ್ಟೆ ಬಿಚ್ಚಿ ಉದ್ದನೆಯ ವೈರು ಎಳೆದ. ಒಂದು ಜಾಯಿಂಟು ಛಾವಣಿಯೊಳಗೆ, ಇನ್ನೊಂದು ಬಾಗಿಲಿನೊಳಗೆ. ಬೆಸುಗೆ ಹಾಕಿ, ದಾರ ಸುತ್ತಿ, ತುದಿಯನ್ನು ಎರಡು ಸಲ ತೂರಿಸಿ, ಹೆಬ್ಬೆರಳ ಉಗುರಿನಿಂದ ಒತ್ತಿದ. ಡಾಕ್ಟರಮ್ಮ ಬಟನ್ನು ಒತ್ತಿದಳು, ಬಾಗಿಲು ಟಕ್ಕೆಂದು ತೆರೆದುಕೊಂಡಿತು. ಅವಳು ಮತ್ತೆ ಮತ್ತೆ ಹಾಕಿ ತೆಗೆದು ಖುಷಿಪಟ್ಟಳು. ಮೇಸ್ತ್ರಿ ಹಳೆಯ ತುಂಡನ್ನು ಕಸದ ಡಬ್ಬಕ್ಕೆ ಎಸೆಯಲೆಂದು ಎತ್ತಿಕೊಂಡ. ಹೆಬ್ಬೆರಳು ಅದರ ದಾರದ ತುದಿಯ ಮೇಲೆ ಹಾಯಿತು.

ಬೆರಳು ಅಲ್ಲೇ ನಿಂತಿತು. ಎರಡು ಸಲ ಒಳಗೆ ತೂರಿಸಿದ ತುದಿ. ಅದರ ಮೇಲೆ ಉಗುರಿನ ಗುರುತು.

ಡ್ರಾಯರು ಎಳೆದು, ಫ್ಯೂಸುಗಳನ್ನು ಅತ್ತಿತ್ತ ಸರಿಸಿ, ಕನ್ನಡಕ ಹಾಕಿಕೊಂಡು ನೋಡಿದ. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಈ ಕಾರು ಮೊದಲು ಯಾರದಿತ್ತು, ಯಾವ ವರ್ಷ ಬಂದಿತ್ತು, ಯಾವ ಅವಸರಕ್ಕೆ ಛಾವಣಿ ಬಿಚ್ಚದೆ ಬಿಟ್ಟೆ, ಒಂದೂ ನೆನಪಿಗೆ ಬರಲಿಲ್ಲ. ಊರವರ ತಪ್ಪುಗಳನ್ನು ತಾರೀಖಿನ ಸಮೇತ ನೆನಪಿಟ್ಟಿದ್ದವನಿಗೆ ತನ್ನದೊಂದು ಹೊಳೆಯಲಿಲ್ಲ.

ಅದಕ್ಕಿಂತ ಹೆಚ್ಚಾಗಿ ಚುಚ್ಚಿದ್ದು ಬೇರೆ. ಅವರಿಬ್ಬರೂ ಕಂಡುಹಿಡಿದಿದ್ದರು. ಮೂವರು ಗಿರಾಕಿಗಳ ಎದುರು ತರಕಾರಿ ಮಾರು ಎನ್ನಿಸಿಕೊಂಡವನು, ದೀಪದ ಕೆಳಗೆ ಹಿಡಿದು ನೋಡಿಯೂ, ನಂದೇ ಎಂದಿದ್ದ. ಇಷ್ಟು ವರ್ಷ ಬೈದದ್ದಕ್ಕೆ ತಿರುಗಿ ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಡಬ್ಬಿ ತನ್ನ ಮೇಲೆ ಕನಿಕರ ತೋರಿಸಿದ್ದ. ಮೇಸ್ತ್ರಿಗೆ ಮೈಯೆಲ್ಲ ಉರಿಯಿತು, ಕಣ್ಣೂ ಉರಿಯಿತು. ಕಣ್ಣುರಿಗೆ ಕನ್ನಡಕವೇ ಕಾರಣವೆಂದು ಅದನ್ನೂ ಬೈದ.

ಯಾರು ಮಾಡಿದ್ದರಂತೆ ಆ ಹಾಳು ಕೆಲಸ ಎಂದು ಡಾಕ್ಟರಮ್ಮ ಹೋಗುವಾಗ ಕೇಳಿದಳು.

"ಒಬ್ಬ ಮುದುಕ," ಎಂದ ಮೇಸ್ತ್ರಿ. "ಕಣ್ಣು ಕಾಣಲ್ಲ ಅವನಿಗೆ."

ಅವಳ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಉಪಕರಣದ ಪೆಟ್ಟಿಗೆ ತೆಗೆದುಕೊಂಡು ಅಂಗಡಿಯ ಕದ ಎಳೆದ. ಹಾಡುಹಗಲಲ್ಲಿ ಆ ಕದ ಮುಚ್ಚಿದ್ದನ್ನು ಬೀದಿಯವರು ಎಂದೂ ನೋಡಿರಲಿಲ್ಲ. ಎದುರಿನ ಅಂಗಡಿಯಲ್ಲಿ ಗಿರಾಕಿಗಳು ಇನ್ನೂ ಕೂತಿದ್ದರು. ಅವರ ಮುಂದೆಯೇ ತುಂಡನ್ನು ಅಳಿಯನ ಮೇಜಿನ ಮೇಲೆ ಇಟ್ಟ.

"ಒಂದು ಸುಳ್ಳು ಹೇಳೋಕೂ ನೆಟ್ಟಗೆ ಬರಲ್ವಲ್ಲ ನಿನಗೆ. ಈ ಗಂಟು ಹಾಕೋದು ನಿನ್ನ ಕೈಲಾಗುತ್ತಾ?"

ಅಳಿಯ ತಲೆ ತಗ್ಗಿಸಿ, ಇಲ್ಲ ಮಾವ ಎಂದ. ಮಗಳು ಕಿಟಕಿಯ ಪಕ್ಕದ ಸ್ಟೂಲಿನ ಮೇಲಿದ್ದ ಯಂತ್ರವನ್ನು ಎತ್ತಿ ಕಪಾಟಿನಲ್ಲಿಟ್ಟು, ಸೆರಗಿನಿಂದ ಸ್ಟೂಲು ಒರೆಸಿದಳು. ಮೇಸ್ತ್ರಿ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ಕೂತ. ಇಲ್ಲಿ ಬೆಳಕು ಸಾಲದು, ಸ್ಟೂಲು ಅಲ್ಲಾಡುತ್ತದೆ ಎಂದು ಗೊಣಗಿದ. ಆಮೇಲೆ ಅಂಗಿಯ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡ.