ಓಟು ಹಾಕುವ ತನಕ ಉಪವಾಸ

ಸೋಲಾಪುರದ ಗಡಿಯಾರದಲ್ಲಿ ಹನ್ನೆರಡು ಗಂಟೆ ಇಪ್ಪತ್ತು ನಿಮಿಷ. ನಾನಿದ್ದ ಕುವೈತ್‌ನಲ್ಲಿ ಇನ್ನೂ ಹತ್ತಾಗಿರಲಿಲ್ಲ. ನನ್ನ ಫೋನಿನ ತುಂಬ ಅಕ್ಕಲಕೋಟದ ಒಂದು ಬೇವಿನ ಮರ ಅಲುಗಾಡುತ್ತಿತ್ತು. ಆಗ ಮರದಾಚೆಯಿಂದ ಯಾರೋ ಕೂಗಿದರು: “ಏ, ಹಸಿರು ಸೀರಿ ಅಕ್ಕಾರು ಬಿದ್ರು ನೋಡ್ರಿ!”

ಹಸಿರು ಸೀರೆ ನನ್ನ ಅಕ್ಕನದು. ಬೆಳಿಗ್ಗೆ ಅದನ್ನು ಆರಿಸಿಕೊಟ್ಟವನು ನಾನೇ.

ಅಕ್ಕ ಇರುವುದು ಸೋಲಾಪುರದ ನವಿ ಪೇಠದಲ್ಲಿ, ಬಾವನ ಬಟ್ಟೆ ಅಂಗಡಿಯ ಮೇಲಿನ ಮನೆಯಲ್ಲಿ. ಆದರೆ ಅವಳ ಹೆಸರು ಇವತ್ತಿಗೂ ತವರೂರು ಅಕ್ಕಲಕೋಟದ ಮತದಾರರ ಪಟ್ಟಿಯಲ್ಲಿದೆ. ಬದಲಿಸಲು ಅವಳಿಗೆ ಮನಸ್ಸಿಲ್ಲ. ಚಿಂಚೋಳಿ ಎಂಐಡಿಸಿಯ ಕಾರ್ಖಾನೆ ಕೆಲಸ ಬಿಟ್ಟು ನಾನು ಕುವೈತ್‌ಗೆ ಬಂದ ಮೇಲಿನ ಮೊದಲ ಲೋಕಸಭಾ ಚುನಾವಣೆ ಅದು. ಊರಿಗೆ ಹೋಗದೆ ನನಗೆ ಓಟಿಲ್ಲ. ಹಾಗಾಗಿ ಅವಳು ವಿಡಿಯೋ ಕರೆಯಲ್ಲಿ ನನ್ನನ್ನೂ ಕರೆದುಕೊಂಡು ಎಸ್‌ಟಿ ಬಸ್ಸು ಹತ್ತಿದ್ದಳು.

ಅಪ್ಪ ತಹಶೀಲ್ದಾರ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಓಟಿನ ದಿನವೆಂದರೆ ಅವರಿಗೆ ವ್ರತ. ಬೆರಳಿಗೆ ಮಸಿ ಬೀಳುವ ತನಕ ನೀರು ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ. ಬಸ್ಸಿನಲ್ಲಿ ಅಕ್ಕ ತಿಂಡಿಯ ಡಬ್ಬಿ ತೆಗೆದಾಗ ನಾನು ಕಾಡಿಸಿದೆ.

“ಅಪ್ಪ ಇದ್ದಿದ್ರ ಈ ಚುರಮರಿ ಸುಸಲಾ ನೋಡಿ ಏನಂತಿದ್ರು? ನಾ ಇಲ್ಲಿ ಉಪಾಸ ಅದೀನಿ ನೋಡವಾ.”

“ಹೋಗೋ, ಭಾಳ ದೊಡ್ಡ ವ್ರತದ ಮನಷ್ಯಾ! ಒಪ್ಪೊತ್ತು ಬಿಟ್ರ ನಾ ಏನ್ ಸಾಯಂಗಿಲ್ಲ,” ಎಂದು ನಕ್ಕು ಡಬ್ಬಿ ಮುಚ್ಚಿದಳು.

ಅಕ್ಕನಿಗೆ ಸಕ್ಕರೆ ಕಾಯಿಲೆ. ಮುಂಜಾನೆಯ ಗುಳಿಗೆ ಆಗಲೇ ನುಂಗಿದ್ದಳು. ಅದರ ಮೇಲೆ ಉಪವಾಸ ಇರಬಾರದೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರಿಗೂ ನೆನಪಾಗಲಿಲ್ಲ.

ಮತಗಟ್ಟೆಯೊಳಗೆ ಫೋನು ಬಿಡುವುದಿಲ್ಲ. ಎದುರಿನ ಕಬ್ಬಿನ ಹಾಲಿನ ಅಂಗಡಿಯ ಹೆಂಗಸಿನ ಹತ್ತಿರ ಫೋನಿನ ಸಮೇತ ಚೀಲ ಬಿಟ್ಟು, ನನಗೆ “ಬಂದ್ ಮಾಡಬ್ಯಾಡ, ಬಂದು ಮಸಿ ಬಟ್ಟು ತೋರಸ್ತೀನಿ,” ಎಂದು ಹೋದಳು. ಚೀಲದ ತೆರೆದ ಬಾಯಿಯಿಂದ ನನಗೆ ಕಂಡದ್ದು ಬೇವಿನ ಎಲೆ, ಎಲೆಗಳ ನಡುವೆ ಬಿಳಿ ಆಕಾಶ. ಗಾಣದ ಚಕ್ರಕ್ಕೆ ಕಟ್ಟಿದ ಗೆಜ್ಜೆ ಛಲ್ ಛಲ್ ಎನ್ನುತ್ತಿತ್ತು. ಹಸಿದ ಹೊಟ್ಟೆಯಲ್ಲಿ ಅದನ್ನೇ ನೋಡುತ್ತ ತೂಕಡಿಸುತ್ತಿದ್ದೆ. ಆಗ ಬಂತು ಆ ಕೂಗು.

“ಬಿಸಲಿಗೆ ಆಗಿರ್ಬೇಕು. ಪಾಣೀ ಆಣಾ, ನೀರು ತರ್ರಿ!”

“ಬಿಸಲಲ್ರೀ, ಸಕ್ಕರಿ ಕಡಿಮಿ ಆಗೈತಿ!” ಎಂದು ಕಿರುಚಿದೆ. ಗೆಜ್ಜೆ ನನ್ನ ದನಿಯನ್ನು ನುಂಗಿತು. ಮತ್ತೆ ಕಿರುಚಿದೆ. ಈ ಕರೆ ಕಡಿದು ಬಾವನಿಗೆ ಫೋನು ಮಾಡಲೇ? ಅವನು ಇರುವುದು ಸೋಲಾಪುರದಲ್ಲಿ. ಕಡಿದರೆ ಈ ಚೀಲದೊಳಗಿನ ಫೋನನ್ನು ಮತ್ತೆ ಎತ್ತುವವರು ಯಾರು? ಹನ್ನೊಂದು ನಿಮಿಷ ಹೀಗೇ ಹೋಯಿತು. ಎಲೆಗಳು ಏನೂ ಆಗಿಲ್ಲವೆಂಬಂತೆ ಆಡುತ್ತಿದ್ದವು. ಅಷ್ಟು ಚೆಂದ ಕಂಡವಲ್ಲ, ಅದನ್ನು ನಾನು ಇನ್ನೂ ಕ್ಷಮಿಸಿಲ್ಲ.

ಗಾಣ ನಿಂತಿತು.

“ಅಯ್ಯ, ಈ ಚೀಲ ಒದರಾಕತ್ತೈತಲ್ಲ!” ಎಲೆಗಳ ಜಾಗದಲ್ಲಿ ಒಂದು ಮುಖ ಬಂತು. “ಯಾರಪಾ ನೀ?”

“ಬಿದ್ದಾಕಿ ನಮ್ಮಕ್ಕರಿ. ಎಚ್ಚರ ಐತೇನು?”

“ಕಣ್ಣ ಬಿಟ್ಟಾಳ. ಗುರುತು ಹತ್ತವಲ್ದು.”

“ನಿಮ್ಮ ಕಬ್ಬಿನ ಹಾಲು ಕುಡಸ್ರಿ. ಸಾವಕಾಶ, ಗುಟುಕು ಗುಟುಕು. ಲಗೂ ಹೋಗ್ರಿ!”

ಇಪ್ಪತ್ತು ನಿಮಿಷದ ನಂತರ ಅಕ್ಕನ ಮುಖ ಬಂತು, ಗಲ್ಲಕ್ಕೆಲ್ಲ ಕಬ್ಬಿನ ಹಾಲು. ಮನೆಗೆ ಹೋಗು ಎಂದು ಅತ್ತರೂ ಕೇಳಲಿಲ್ಲ. ನೆರಳಿನಲ್ಲಿ ಕೂತು ಡಬ್ಬಿ ಖಾಲಿ ಮಾಡಿ, ಓಟು ಹಾಕಿಯೇ ಬಂದಳು. ಮಸಿಯ ಬೆರಳು ತೋರಿಸಿ, “ಇನ್ನ ನೀ ಉಣ್ಣು,” ಎಂದಳು. ನಾನು ಕಲಸಿದ ಅನ್ನವನ್ನು ಹಾಗೇ ಮುಚ್ಚಿಟ್ಟೆ.

ಆಮೇಲೆ ವಾರಗಟ್ಟಲೆ ನಿದ್ದೆಯೂ ಹೋಯಿತು. ಕಣ್ಣು ಮುಚ್ಚಿದರೆ ಬೇವಿನ ಎಲೆ. ಗೆಜ್ಜೆ ನಿಲ್ಲಲಿ ಎಂದು ಕಾಯುತ್ತ ಎದ್ದು ಕೂರುತ್ತಿದ್ದೆ.

ಎಣಿಕೆಯ ದಿನ ರಜೆ ಹಾಕಿ ಫೋನು ಹಿಡಿದು ಕೂತೆ. ಅಕ್ಕ ತನ್ನ ಫೋನನ್ನು ನೀರಿನ ತಂಬಿಗೆಗೆ ಆನಿಸಿ ಊಟಕ್ಕೆ ಕೂತಿದ್ದಳು. ಹಿಂದೆ ಟಿವಿ ಒಂದೇ ಸಮ ಅಂಕಿ ಹೇಳುತ್ತಿತ್ತು.

“ಯಾರು ಮುಂದ ಅದಾರ?”

“ತಡಿಯೋ, ರೊಟ್ಟಿ ಮುಗಸ್ತೀನಿ.”

ಕಡಕ್ ರೊಟ್ಟಿ ಮುರಿಯುವ ಸದ್ದು, ಅಗಿಯುವ ಸದ್ದು. ಎರಡನೆಯ ರೊಟ್ಟಿ ತೆಗೆದುಕೊಂಡದ್ದು ನೆನಪಿದೆ. ಮೂರನೆಯದು ತೆಗೆದುಕೊಂಡಳೋ ಇಲ್ಲವೋ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಮರುದಿನದ ಬಿಸಿಲು ಗೋಡೆಯ ಮೇಲಿತ್ತು. ಯಾರು ಗೆದ್ದರೆಂದು ತಿಳಿದದ್ದು ಕಂಪನಿಯ ಬಸ್ಸಿನಲ್ಲಿ.