ಕೆಮ್ಮಬಾರದ ಆದಿತ್ಯವಾರ

ಆ ವರ್ಷ ಮಂಗಳೂರಿನ ನಮ್ಮ ಮಣ್ಣಗುಡ್ಡದಲ್ಲಿ ಕೆಮ್ಮುವುದಕ್ಕೂ ಧೈರ್ಯ ಬೇಕಿತ್ತು. ಹೊಸ ವೈರಸ್ಸು ಇನ್ನೂ ಟೀವಿಯಲ್ಲಿ ಮಾತ್ರ ಇತ್ತು. ಅಂಗಡಿಗಳಿಗೆ ಬಾಗಿಲು ಹಾಕಿದ್ದು, ರಸ್ತೆಗೆ ಬೇಲಿ ಬಿದ್ದದ್ದು ಎಲ್ಲ ಆಮೇಲಿನ ಕಥೆ. ಬಸ್ಸುಗಳು ಓಡುತ್ತಿದ್ದವು, ಉರ್ವ ಮಾರ್ಕೆಟ್ಟಿನಲ್ಲಿ ಮೀನಿನ ಹೆಂಗಸರು ಎಂದಿನ ಹಾಗೆಯೇ ಕೂಗಿ ಕರೆಯುತ್ತಿದ್ದರು. ಆದರೆ ಸಿಟಿ ಬಸ್ಸಿನಲ್ಲಿ ಯಾರಾದರೂ ಒಮ್ಮೆ ಗಂಟಲು ಸರಿಮಾಡಿಕೊಂಡರೆ ಸಾಕು, ಆಚೀಚಿನ ಸೀಟು ಖಾಲಿಯಾಗುತ್ತಿತ್ತು. ನಮ್ಮ ಪಕ್ಕದ ಮನೆಯಾಕೆ ಸೀಟು ಸಿಗಲೆಂದೇ ಕೆಮ್ಮುತ್ತಾರೆ ಎಂದು ನನ್ನ ಗಂಡ ಹೇಳಿದಾಗ ನಾನು ನಂಬಿರಲಿಲ್ಲ. ಪಾಪ, ಒಳ್ಳೆಯ ಹೆಂಗಸು. ಆಮೇಲೊಂದು ದಿನ ಅವರ ಜೊತೆಗೇ ಉರ್ವಕ್ಕೆ ಬಸ್ಸು ಹತ್ತಿದೆ. ಇಬ್ಬರಿಗೂ ಕಿಟಕಿ ಬದಿಯೇ ಸಿಕ್ಕಿತು.

ಅಂಥ ದಿನಗಳಲ್ಲಿ ನನ್ನ ನಾದಿನಿಯನ್ನು ನೋಡಲು ಕಾಸರಗೋಡಿನಿಂದ ಹುಡುಗನ ಕಡೆಯವರು ಬರುವುದೆಂದು ನಿಶ್ಚಯವಾಯಿತು.

ನಾದಿನಿ ಎಂದರೆ ನನ್ನ ಗಂಡನ ತಂಗಿ. ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು, ಮೂವತ್ತು ದಾಟಿತ್ತು. ಅದಕ್ಕೆ ಮೊದಲು ಬಂದ ಹುಡುಗರ ಮುಂದೆಲ್ಲ ಅವಳು ಕಾಲೇಜಿಗೆ ಉಟ್ಟ ಸೀರೆಯಲ್ಲೇ ಬಂದು ಕೂರುತ್ತಿದ್ದಳು, ಕೈಯಲ್ಲಿ ಸೀಮೆಸುಣ್ಣದ ಪುಡಿಯೂ ಹಾಗೆಯೇ ಇರುತ್ತಿತ್ತು. ಈ ಹುಡುಗನ ಜೊತೆ ಕೆಲವು ವಾರಗಳಿಂದ ಬಾವಿಯ ಬದಿಯಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದಳು. ಇನ್ನೊಬ್ಬರ ಮಾತಿಗೆ ಕಿವಿಗೊಡಬಾರದು ಎಂದು ನಮಗೆ ಕಾನ್ವೆಂಟಿನಲ್ಲಿ ಕಲಿಸಿದ್ದಾರೆ. ಆದರೆ ಬಟ್ಟೆ ಒಣಗಿಸುವ ಹಗ್ಗವೂ ಬಾವಿಯ ಬದಿಯಲ್ಲೇ ಇದ್ದರೆ ನಾನೇನು ಮಾಡಲಿ? ಅವಳು ನಗುತ್ತಿದ್ದದ್ದು ಕೇಳುತ್ತಿತ್ತು, ಅಷ್ಟೇ. ಅವರು ಬರುವ ಹಿಂದಿನ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, ಬೇರೆಲ್ಲೋ ನೋಡುತ್ತಾ, "ಅತ್ತಿಗೆ, ಆ ನೀಲಿ ಸೀರೆಗೆ ಒಮ್ಮೆ ಇಸ್ತ್ರಿ ಹಾಕಿ ಕೊಡ್ತೀರಾ?" ಎಂದು ಕೇಳಿದಳು. ಈ ಸಂಬಂಧ ಕೂಡಿಬರಲೇಬೇಕು ಎಂದು ನಾನು ನಿಶ್ಚಯ ಮಾಡಿದ್ದು ಆಗ.

ಅತ್ತೆಯವರಿಗೆ ಮಾತ್ರ ಒಂದೇ ಸಮನೆ ಅಳುಕು.

"ಕಾಸರಗೋಡು ಅಂದ್ರೆ ಕೇರಳ ಅಲ್ವಾ? ಅಲ್ಲಿ ಆ ಕಾಯಿಲೆ ಜೋರು ಉಂಟಂತೆ. ಟೀವಿಯಲ್ಲಿ ಬೆಳಗ್ಗೆಯಿಂದ ಅದೇ."

"ನಿಮ್ಮ ತವರುಮನೆ ಮಂಜೇಶ್ವರವೂ ಅಲ್ಲಿಯೇ ಅಲ್ವಾ ಅಮ್ಮ?" ಎಂದರು ನನ್ನ ಗಂಡ.

"ಅದು ಬೇರೆ. ನಮ್ಮ ಮಂಜೇಶ್ವರಕ್ಕೆ ಅದೆಲ್ಲ ಬರುವುದಿಲ್ಲ."

ಮುಂದೆ ಹಾಕುವ ಹಾಗೂ ಇರಲಿಲ್ಲ. ನಮ್ಮಲ್ಲಿ ಸೋದರಮಾವನ ಮಾತೇ ಕೊನೆಯ ಮಾತು. ಹುಡುಗನ ಸೋದರಮಾವ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿಬಿಟ್ಟಿದ್ದರು: "ಈ ಆದಿತ್ಯವಾರ ಆಗುವುದಿಲ್ಲ ಅಂತಾದ್ರೆ ಹೇಳಿ. ನಮಗೆ ಇನ್ನೊಂದು ಜಾತಕ ಬಂದದ್ದುಂಟು, ಅದನ್ನು ನೋಡುವ."

ಹಾಗಾಗಿ ತಯಾರಿ ನಡೆಯಿತು. ಔಷಧಿ ಅಂಗಡಿಗಳಲ್ಲೆಲ್ಲ ಮಾಸ್ಕ್ ಮುಗಿದಿತ್ತು. ಗಂಡ ಊರೆಲ್ಲ ತಿರುಗಿ ತಂದದ್ದು ಒಂದೇ ಒಂದು. ಹಿರಿಯರೆಂದು ಅದನ್ನು ಅತ್ತೆಗೆ ಕೊಟ್ಟೆವು. ಅವರು ಅದಕ್ಕೆ ನೀಲಗಿರಿ ಎಣ್ಣೆ ಹಚ್ಚಿ, "ಈಗ ನೋಡು, ಮೂಗಿನ ಹತ್ತಿರ ಒಂದು ಸೊಳ್ಳೆ ಸಹ ಬರುವುದಿಲ್ಲ" ಎಂದರು. ನಾನು ಕಪಾಟಿನಿಂದ ಕರವಸ್ತ್ರಗಳನ್ನು ತೆಗೆದೆ. ಕಸೂತಿ ತರಗತಿಯಲ್ಲಿ ಸಿಸ್ಟರ್ ಹೇಳಿಕೊಟ್ಟ ಹೂವುಗಳು ಅವುಗಳ ಮೂಲೆಗಳಲ್ಲಿ ಇನ್ನೂ ಇವೆ. ಸಣ್ಣದಿರುವಾಗ ನಮ್ಮ ಎದೆಗೆ ಕರವಸ್ತ್ರವನ್ನು ಪಿನ್ನಿನಿಂದ ಸಿಕ್ಕಿಸಿ ಕಳಿಸುತ್ತಿದ್ದರು. ಕೆಮ್ಮು ಬಂದರೆ ಅದರೊಳಗೆ, ಅತಿಥಿಗಳ ಮುಂದಾದರೆ ಬರಲೇಬಾರದು. ಇಸ್ತ್ರಿ ಹಾಕಿ, ಮಡಚಿ, ಪ್ರತಿಯೊಂದು ತಿಂಡಿ ತಟ್ಟೆಯ ಬದಿಗೆ ಒಂದೊಂದು ಇಟ್ಟೆ. ನೋಡುವವರಿಗೆ ಅಂದ, ನಮಗೆ ಧೈರ್ಯ.

ಅತ್ತೆಯ ತಯಾರಿ ಬೇರೆಯದು. ಹೆಣ್ಣು ನೋಡಲು ಬರುವ ದಿನ ಮಗಳಿಗೆ ದೃಷ್ಟಿ ತೆಗೆಯದೆ ಬಿಡುವವರಲ್ಲ ಅವರು. ಒಣಮೆಣಸು, ಉಪ್ಪು, ಸಾಸಿವೆಯನ್ನು ಮುಷ್ಟಿಯಲ್ಲಿ ಹಿಡಿದು ನಿವಾಳಿಸಿ ಬೆಂಕಿಗೆ ಹಾಕುವುದು. ಮೆಣಸು ಸುಟ್ಟ ಘಾಟಿಗೆ ಮನೆಯವರೆಲ್ಲ ಕೆಮ್ಮಿದರೆ ದೃಷ್ಟಿ ಹೋಯಿತು. ಒಬ್ಬರೂ ಕೆಮ್ಮದಿದ್ದರೆ ತಾಗಿದ ದೃಷ್ಟಿ ಭಾರೀ ದೊಡ್ಡದು, ಇನ್ನಷ್ಟು ಮೆಣಸು ಹಾಕಬೇಕು. ಇದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಲೆಕ್ಕ.

ಎಲ್ಲವೂ ಸರಿಯಾಗಿಯೇ ಇತ್ತು, ತಪ್ಪಿಸಿದ್ದು ಪಂಪ್‌ವೆಲ್ಲಿನ ಹೊಸ ಮೇಲ್ಸೇತುವೆ. ಮೊದಲೆಲ್ಲ ನೆಂಟರು "ಪಂಪ್‌ವೆಲ್ಲಿಗೆ ಬಂದೆವು" ಎಂದು ಫೋನು ಮಾಡಿದರೆ ನಮಗೆ ಸ್ನಾನ ಮಾಡಿ, ಗೋಳಿಬಜೆ ಕರಿದು, ಮಲ್ಲಿಗೆ ಮುಡಿಯುವಷ್ಟು ಸಮಯ ಇರುತ್ತಿತ್ತು. ವಾಹನಗಳ ಸಾಲಿನಲ್ಲಿ ಆ ಜಂಕ್ಷನ್ನು ದಾಟುವುದೆಂದರೆ ಹಾಗೆ. ಸೇತುವೆ ಓಡಾಟಕ್ಕೆ ತೆರೆದದ್ದು ಆಗಷ್ಟೇ, ನಮಗೆ ಅದರ ಅಭ್ಯಾಸವಾಗಿರಲಿಲ್ಲ. ಅತ್ತೆ ಮೆಣಸು ನಿವಾಳಿಸಿ ಮುಗಿಸಿದ್ದರು, ಬೆಂಕಿಗೆ ಹಾಕಿರಲಿಲ್ಲ, ಅಷ್ಟರಲ್ಲಿ ಗೇಟಿನ ಮುಂದೆ ಕಾರು. ಅವರು ಮುಷ್ಟಿಯನ್ನು ಸೆರಗಿನೊಳಗೆ ಅಡಗಿಸಿಕೊಂಡೇ ನಮಸ್ಕಾರ ಮಾಡಿದರು.

ಬಂದವರು ಮೂವರು: ಹುಡುಗ, ಅವನ ತಾಯಿ, ಸೋದರಮಾವ. ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಅದನ್ನು ಬೇಡವೆಂದರೆ ಮನೆಯನ್ನೇ ಬೇಡವೆಂದ ಹಾಗೆ. ನಾನು ತಟ್ಟೆ ಹಿಡಿದು ಹೋದೆ.

"ಅಯ್ಯೋ, ನನಗೆ ಶುಗರ್ ಉಂಟು," ಎಂದರು ಸೋದರಮಾವ, ಕೈ ಹಿಂದೆ ಕಟ್ಟಿಕೊಂಡು.

"ನನಗೂ," ಎಂದರು ತಾಯಿ.

ಹುಡುಗ ಕೈ ಚಾಚುವವನಿದ್ದ. ತಾಯಿ ಅವನ ಮಂಡಿ ಚಿವುಟಿದ್ದು ನನಗೆ ಕಂಡಿತು. "ಅವನು ದಾರಿಯಲ್ಲಿ ಎಳನೀರು ಕುಡಿದದ್ದು. ಹೊಟ್ಟೆ ತುಂಬಿದೆ."

ಒಳಗೆ ಬಂದಾಗ ಅತ್ತೆಯ ಮುಖ ಸಣ್ಣದಾಗಿತ್ತು. "ಮನೆಯವರಿಗೆಲ್ಲ ಶುಗರಾ? ಸಂಬಂಧ ತಂದ ಆ ದಲ್ಲಾಳಿ ಇದನ್ನು ಹೇಳಲೇ ಇಲ್ಲವಲ್ಲ!"

ಶುಗರ್ ಅಲ್ಲ ಎಂದು ಸ್ವಲ್ಪ ಹೊತ್ತಿನಲ್ಲಿ ತಿಳಿಯಿತು. ನಾವು ಅವರಿಗೆ ಹೆದರಿದ ಹಾಗೆಯೇ ಅವರೂ ನಮಗೆ ಹೆದರಿದ್ದರು. ಅವರು ಕುರ್ಚಿಗಳನ್ನು ಹೊರಬಾಗಿಲಿನ ಹತ್ತಿರಕ್ಕೆ ಎಳೆದುಕೊಂಡರು, ನಾವು ಒಳಬಾಗಿಲಿಗೆ ಅಂಟಿ ಕೂತೆವು. ನಡುವೆ ಒಂದು ಯಕ್ಷಗಾನ ಆಡಿಸುವಷ್ಟು ಜಾಗ.

"ಮಂಗಳೂರಿಗೆ ದಿನಾ ವಿಮಾನ ಬರ್ತದಲ್ಲ," ಎಂದರು ಹುಡುಗನ ತಾಯಿ ಮೆಲ್ಲಗೆ. "ಹೊರದೇಶದವರೆಲ್ಲ ಈ ದಾರಿಯಲ್ಲೇ ಬರುವುದಾ?"

"ಇಲ್ಲ ಇಲ್ಲ, ಅದೆಲ್ಲ ಬಜಪೆಯಲ್ಲಿ. ಇಲ್ಲಿಂದ ತುಂಬ ದೂರ," ಎಂದರು ನನ್ನ ಗಂಡ, ಬಜಪೆ ಬೇರೆ ರಾಜ್ಯದಲ್ಲಿದೆ ಎಂಬ ಹಾಗೆ.

ಆಗ ಅತ್ತೆ, "ಹಾಲು ಒಲೆಯಲ್ಲಿಟ್ಟಿದ್ದೇನೆ" ಎಂದು ಎದ್ದುಹೋದರು. ನಿವಾಳಿಸಿದ ಮೆಣಸನ್ನು ಕೈಯಲ್ಲಿ ಇಟ್ಟುಕೊಂಡು ಎಷ್ಟು ಹೊತ್ತು ಕೂರುವುದು? ಹಿತ್ತಲಿನ ಬಚ್ಚಲುಮನೆಯಲ್ಲಿ ನೀರು ಕಾಯಿಸುವ ಒಲೆ ಉರಿಯುತ್ತಿತ್ತು. ಮಾಸ್ಕ್ ಏರಿಸಿ, ಮುಷ್ಟಿಯಲ್ಲಿದ್ದದ್ದನ್ನು ಅದಕ್ಕೆ ಹಾಕಿದರು. ಸಂಜೆಯ ಕಡಲಗಾಳಿ ಪಡುವಣದ ಹಿತ್ತಲಿನಿಂದ ನೇರ ನಾವು ಕೂತಿದ್ದ ಚಾವಡಿಗೆ ಬೀಸುತ್ತದೆ ಎಂಬುದು ಆ ಗಡಿಬಿಡಿಯಲ್ಲಿ ಅವರಿಗೆ ನೆನಪಾಗಲಿಲ್ಲ.

ಮೊದಲು ನನ್ನ ಗಂಟಲಿನಲ್ಲಿ ಏನೋ ಇರುವೆ ಹರಿದ ಹಾಗಾಯಿತು. ಏನೆಂದು ತಕ್ಷಣ ಗೊತ್ತಾಯಿತು. ಎದ್ದು ಹೋಗಿ ತಡೆಯಬೇಕಿತ್ತು. ಆದರೆ ಸೋದರಮಾವ ನನ್ನ ಮುಖವನ್ನೇ ನೋಡುತ್ತಾ ಹುಡುಗನ ಬಾಲ್ಯದ ಕಥೆ ಹೇಳುತ್ತಿದ್ದರು. ಹಿರಿಯರು ಮಾತಾಡುವಾಗ ನಡುವೆ ಏಳುವುದು ನನ್ನ ಕಾಲಿಗೆ ಬರುವುದಿಲ್ಲ. ಇವತ್ತು ಇಲ್ಲಿ ಯಾರು ಕೆಮ್ಮಿದರೂ ಸಂಬಂಧ ಹೋಯಿತು ಎಂಬುದು ಚಾವಡಿಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ನಾನು ಕೆಮ್ಮನ್ನು ನುಂಗಿಕೊಂಡೆ. ನನ್ನ ಗಂಡ ಉಸಿರು ಕಟ್ಟಿ ಚಾವಣಿ ನೋಡಿದರು. ಆಚೆ ಬದಿಯಲ್ಲಿ ಹುಡುಗನ ತಾಯಿ ನನ್ನ ಕಸೂತಿ ಕರವಸ್ತ್ರವನ್ನು ಎತ್ತಿ, ಹೂವನ್ನು ಹತ್ತಿರದಿಂದ ನೋಡುವವರಂತೆ ಮೂಗಿಗೆ ಒತ್ತಿಕೊಂಡರು. ಹುಡುಗನ ಮುಖ ಪುನರ್ಪುಳಿ ಶರಬತ್ತಿನ ಕಡುಕೆಂಪು ಬಣ್ಣಕ್ಕೆ ತಿರುಗಿತು.

ಅತ್ತೆ ಹಿತ್ತಲಿನಲ್ಲಿ ಕಿವಿಗೊಟ್ಟು ಕಾಯುತ್ತಿದ್ದರಂತೆ. ಮೂಗಿನ ತುಂಬ ನೀಲಗಿರಿ, ಘಾಟು ಬಂತೋ ಇಲ್ಲವೋ ಅವರಿಗೆ ತಿಳಿಯುವ ಹಾಗಿರಲಿಲ್ಲ. ಕೆಮ್ಮು ಕೇಳಿದರೆ ತಾನೇ ಗೊತ್ತಾಗುವುದು! ಒಂದು ಕೆಮ್ಮೂ ಇಲ್ಲ. ಮಗಳಿಗೆ ತಾಗಿದ ದೃಷ್ಟಿಯ ಗಾತ್ರ ನೆನೆದು ಅಡುಗೆಮನೆಯಿಂದ ಇನ್ನೊಂದು ಮುಷ್ಟಿ ಮೆಣಸು ತಂದರು. ಅದನ್ನೂ ಹಾಕಿದರು. ಮತ್ತೂ ಮೌನ. ಈ ಸಲ ಮೆಣಸಿನ ಡಬ್ಬವನ್ನೇ ತಂದರು.

ಚಾವಡಿಯಲ್ಲಿ ಸೋದರಮಾವನ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು.

"ಅಳಬೇಡಿ ಮಾವ," ಎಂದರು ನನ್ನ ಗಂಡ ಗದ್ಗದವಾಗಿ.

"ನಾನೆಲ್ಲಿ ಅಳ್ತಾ ಇದ್ದೇನೆ? ನೀವು ಎಂತಕ್ಕೆ ಅಳುವುದು?"

"ಕಥೆ ಹಾಗೆ ಉಂಟಲ್ಲ."

"ಎಂತ ಕಥೆ ಮಾರಾಯ್ರೆ? ನಾನು ಅವನಿಗೆ ಸೈಕಲ್ ಕಲಿಸಿದ್ದನ್ನು ಹೇಳಿದ್ದು!"

ಅಷ್ಟರಲ್ಲಿ ನಾದಿನಿ ಚಹಾದ ತಟ್ಟೆ ಹಿಡಿದು ಬಂದಳು. ನೀಲಿ ಸೀರೆಯ ನೆರಿಗೆ ನಾನು ಹಿಡಿದುಕೊಟ್ಟ ಹಾಗೆಯೇ ನಿಂತಿತ್ತು. ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದವಳಿಗೆ ಘಾಟಿನ ಸುಳಿವೇ ಇರಲಿಲ್ಲ. ಚಾವಡಿಯ ನಡುವಿನ ಆ ಖಾಲಿ ಜಾಗಕ್ಕೆ ಬಂದು, ಒಂದು ದೀರ್ಘ ಉಸಿರು ಎಳೆದುಕೊಂಡು, ಕೆಮ್ಮಿದಳು. ಅದು ಸಾಧಾರಣ ಕೆಮ್ಮಲ್ಲ. ಕಪ್ಪುಗಳೆಲ್ಲ ಒಂದಕ್ಕೊಂದು ತಾಗಿ ಗಲಗಲ ಎಂದವು.

ಸೋದರಮಾವ ಎರಡೂ ಕಾಲುಗಳನ್ನು ನೆಲದಿಂದ ಎತ್ತಿದರು, ನೆರೆಯ ನೀರು ಒಳಗೆ ಬಂದ ಹಾಗೆ. ಹುಡುಗನ ತಾಯಿಯ ಕುರ್ಚಿ ಕಿರ್ರೆಂದು ಹಿಂದೆ ಸರಿಯಿತು.

"ಹುಡುಗಿಗೆ... ಇದು ಎಷ್ಟು ದಿನದಿಂದ?" ಎಂದರು ತಾಯಿ.

ಮೆಣಸಿನದ್ದು ಎನ್ನಬಹುದಿತ್ತು. ಆದರೆ ಬಾಯಿ ತೆರೆದರೆ ಇನ್ನೊಂದು ಕೆಮ್ಮು ಕಾದಿತ್ತು, ಅವಳಿಗೂ ನನಗೂ. ಅವಳು ತಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ತುಟಿ ಬಿಗಿದು ನಿಂತಳು. ಕಿವಿಯ ಓಲೆ ನಡುಗುತ್ತಿತ್ತು. ಇವಳು ಇನ್ನು ಬಾವಿಯ ಬದಿಯಲ್ಲಿ ನಗುವುದಿಲ್ಲ ಎಂದುಕೊಂಡಾಗ ನನ್ನ ಕಣ್ಣಲ್ಲೂ ನೀರು ಬಂತು, ಅದರಲ್ಲಿ ಮೆಣಸಿನ ಪಾಲು ಎಷ್ಟೋ.

ಆಗ ಹುಡುಗ ಕೆಮ್ಮಿದ. ಎರಡು ಸಲ. ತುಂಬ ಕ್ರಮವಾಗಿ, ಕ್ಲಾಸಿನಲ್ಲಿ ಹಾಜರಿ ಹೇಳುವ ಹಾಗೆ.

ಸೋದರಮಾವ ಬೆಚ್ಚಿಬಿದ್ದರು. "ನಿನಗೂ ಉಂಟಾ?"

"ಉಂಟು ಮಾವ. ನಿಮಗಿಲ್ವಾ? ಆಗಿನಿಂದ ಗಂಟಲು ಹಿಡಿದುಕೊಂಡು ಕೂತಿದ್ದೀರಲ್ಲ, ಕೆಮ್ಮಿಬಿಡಿ."

ಸೋದರಮಾವ ಏನೋ ಹೇಳಲು ಬಾಯಿ ತೆರೆದರು, ಅಲ್ಲಿಗೆ ಮುಗಿಯಿತು. ಅವರ ಕೆಮ್ಮಿನ ಹಿಂದೆಯೇ ತಾಯಿಯದ್ದು, ನನ್ನ ಗಂಡನದ್ದು, ನನ್ನದು. ನಾನು ಕರವಸ್ತ್ರದೊಳಗೇ ಕೆಮ್ಮಿದೆ ಎಂದು ಹೇಳಬಯಸುತ್ತೇನೆ. ನಾದಿನಿ ತಟ್ಟೆಯನ್ನು ನೆಲದ ಮೇಲಿಟ್ಟು, ಸೊಂಟಕ್ಕೆ ಕೈಕೊಟ್ಟು ನಿಂತು ಕೆಮ್ಮಿದಳು.

ಹಿತ್ತಲ ಬಾಗಿಲಿನಿಂದ ಅತ್ತೆ ಓಡಿಬಂದರು. ಮುಖಕ್ಕೆ ಮಾಸ್ಕ್, ಕಂಕುಳಲ್ಲಿ ಮೆಣಸಿನ ಡಬ್ಬ, ಮೇಲೆ ಕಾಣುವ ಕಣ್ಣುಗಳಲ್ಲಿ ಹಬ್ಬ.

"ಅಬ್ಬ, ಕೆಮ್ಮಿದ್ರಾ! ಎಲ್ಲರೂ ಕೆಮ್ಮಿದ್ರಾ! ದೃಷ್ಟಿ ಹೋಯ್ತು ಮಗಾ! ಇಷ್ಟು ಹೊತ್ತು ಎಂತ ಮಾಡ್ತಾ ಇದ್ರಿ ಎಲ್ಲರೂ? ವರ್ಷದ ಮೆಣಸೇ ಮುಗೀತು!"

ಹುಡುಗನ ತಾಯಿ ಕಣ್ಣೊರೆಸಿಕೊಂಡು ಡಬ್ಬವನ್ನು ನೋಡಿದರು, ಅತ್ತೆಯನ್ನು ನೋಡಿದರು. "ದೃಷ್ಟಿಯಾ? ಮೊದಲೇ ಹೇಳಬಾರದಾ ಅಕ್ಕ! ನಾನೂ ಇವನಿಗೆ ತೆಗೆದೇ ಕಾರು ಹತ್ತಿಸಿದ್ದು. ನಿಮ್ಮದು ಯಾವ ಮೆಣಸು? ಭಾರೀ ಜೋರುಂಟಲ್ಲ!"

"ಅರ್ಧ ಊರಿನದ್ದು, ಅರ್ಧ ಬ್ಯಾಡಗಿ," ಎಂದರು ಅತ್ತೆ ಹೆಮ್ಮೆಯಿಂದ.

ಆಮೇಲೆ ಬೆಲ್ಲ, ನೀರು ಬಂತು. ಶುಗರ್ ಇದ್ದವರು ಎರಡೆರಡು ಲೋಟ ಕುಡಿದರು, ಬೆಲ್ಲವನ್ನೂ ಬಿಡಲಿಲ್ಲ. ಯಾವ ಲೋಟ ಯಾರದ್ದೆಂದು ಯಾರೂ ಕೇಳಲಿಲ್ಲ. ಕುರ್ಚಿಗಳು ತಾವಾಗಿಯೇ ಹತ್ತಿರ ಬಂದವು. ಸೋದರಮಾವ ಗಂಟಲು ಸರಿಮಾಡಿಕೊಂಡು ಹೇಳಿದರು: "ಇನ್ನು ಬರುವುದಿದ್ರೆ ಬರ್ಲಿ. ಎರಡು ಮನೆಯವರೂ ಒಂದೇ ಗಾಳಿ ಕುಡಿದಾಯ್ತು. ದಿನ ನೋಡುವ."

ಆದರೂ ಕೆಲವು ದಿನ ನಾನು ಬೆಳಗ್ಗೆ ಎದ್ದ ಕೂಡಲೇ ಎಲ್ಲರ ಹಣೆ ಮುಟ್ಟಿ ನೋಡುತ್ತಿದ್ದೆ. ಕಾಸರಗೋಡಿನಿಂದಲೂ ದಿನಾ ಫೋನು: "ಹೇಗಿದ್ದೀರಿ?" ಅಷ್ಟೊಂದು ಪ್ರೀತಿಯ ಬೀಗರು ಯಾರಿಗೆ ಸಿಗುತ್ತಾರೆ! ಯಾರಿಗೂ ಏನೂ ಆಗಲಿಲ್ಲ. ಆಮೇಲೆ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿತು, ಇಟ್ಟ ದಿನ ಮುಂದೆ ಹೋಯಿತು. ನಾದಿನಿ ಬಾವಿಯ ಬದಿಯಲ್ಲಿ ಇನ್ನಷ್ಟು ಹೊತ್ತು ನಿಲ್ಲತೊಡಗಿದಳು, ನಾನು ಒಣಗಿದ ಬಟ್ಟೆಯನ್ನೇ ಮತ್ತೆ ಮತ್ತೆ ತಿರುಗಿಸಿ ಹಾಕಿದೆ. ರಸ್ತೆ ತೆರೆದ ಮೇಲೆ, ನಮ್ಮ ಅಂಗಳದಲ್ಲೇ, ಕೆಲವೇ ಜನರ ಮುಂದೆ ಮದುವೆಯಾಯಿತು.

ಮದುವೆಯ ಬೆಳಗ್ಗೆ ಅವಳಿಗೆ ಮಲ್ಲಿಗೆ ಮುಡಿಸುವಾಗ ನಾನು ಕೇಳಿಯೇಬಿಟ್ಟೆ. "ಆ ದಿನ ಅವನ ಕೆಮ್ಮು ಮೆಣಸಿನದ್ದಾ?"

"ಅತ್ತಿಗೆ, ಹಿಂದಿನ ಬೆಂಚಿನವರ ಕೆಮ್ಮು ಕೇಳಿ ಕೇಳಿ ನನಗೆ ಅಭ್ಯಾಸ ಉಂಟು," ಎಂದಳು ಅವಳು ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ. "ಆ ದಿನ ಅವರದ್ದು ಶುದ್ಧ ನಾಟಕ. ಅವರಿಗೆ ಇನ್ನೂ ಸ್ವಲ್ಪ ಹೊತ್ತು ತಡೆಯಲಿಕ್ಕೆ ಆಗ್ತಿತ್ತು."

ನಾನು ಹೂವಿನ ದಾರವನ್ನು ಇನ್ನೊಂದು ಸುತ್ತು ಸುತ್ತಿದೆ. ಹೊರಗಿನಿಂದ ಅತ್ತೆ ಕರೆಯುತ್ತಿದ್ದರು: "ಬೇಗ ಆಗ್ಲಿ ಮಾರಾಯ್ತಿ, ದಿಬ್ಬಣ ಪಂಪ್‌ವೆಲ್ ದಾಟಿತಂತೆ!"